ಅಳಲೆಕಾಯಿ ತೊಟ್ಟಿ

ಮಾರ್ಚ್ ೪, ಸೋಮವಾರ

'ತುಕ್ಕು ಹಿಡಿಯುವುದೂ ಒಂದು ಬಗೆಯ ಉಸಿರಾಟ.' ಬೆಳಿಗ್ಗೆಯಿಂದ ಈ ಸಾಲು ತಲೆಯೊಳಗೆ ತಿರುಗುತ್ತಿದೆ. ಎಲ್ಲಿ ಓದಿದ್ದೆ, ಯಾರದು, ಮುಂದಿನ ಸಾಲು ಏನು, ಒಂದೂ ನೆನಪಿಲ್ಲ. 'ಉಸಿರಾಟ' ಎಂದಿತ್ತೋ 'ಉಸಿರು' ಎಂದಿತ್ತೋ ಅದೂ ಖಾತ್ರಿಯಿಲ್ಲ. ಇರಲಿ, ಸಾಲು ಸರಿಯೇ? ಕಬ್ಬಿಣ ಗಾಳಿಯಿಂದ ಆಮ್ಲಜನಕ ತೆಗೆದುಕೊಳ್ಳುತ್ತದೆ, ಅಷ್ಟರ ಮಟ್ಟಿಗೆ ನಿಜ. ಆದರೆ ಉಸಿರು ಅಂದಮೇಲೆ ಹೊರಗೂ ಬಿಡಬೇಕಲ್ಲ. ಕಬ್ಬಿಣ ಏನನ್ನೂ ಹಿಂದಕ್ಕೆ ಕೊಡುವುದಿಲ್ಲ. ಎಳೆದುಕೊಂಡು ಎಳೆದುಕೊಂಡು ಪುಡಿಯಾಗುತ್ತದೆ. ಬರೆದವರು ರಸಾಯನಶಾಸ್ತ್ರ ಓದಿರಲಿಕ್ಕಿಲ್ಲ. ನಾನು ಓದಿದ್ದೇನೆ, ಸಾಲು ಬರೆಯಲು ಬರುವುದಿಲ್ಲ.

ಅಲ್ಯುಮಿನಿಯಂ ಹಾಗಲ್ಲ. ಗಾಳಿ ಸೋಕಿದ ಕೂಡಲೇ ಅದಕ್ಕೊಂದು ತೆಳು ಪೊರೆ ಬೆಳೆಯುತ್ತದೆ, ಬೆಳೆದು ಅಲ್ಲಿಗೇ ನಿಲ್ಲುತ್ತದೆ. ಅದರ ತುಕ್ಕೇ ಅದರ ಚರ್ಮ. ಇದು ಇವರು ಹೇಳುತ್ತಿದ್ದ ಮಾತು.

ದೀಪಾವಳಿ ಮುಗಿದ ವಾರ ಇವರಿಗೆ ಲಕ್ವ ಹೊಡೆಯಿತು. ಕಾಲು ತಕ್ಕಮಟ್ಟಿಗೆ ಬಂದಿದೆ, ಬಲಗೈ ಇಲ್ಲ, ಮಾತು ಇಲ್ಲವೇ ಇಲ್ಲ. ಬಾಯಿಂದ ಬರುವುದು 'ಅದ... ಅದ...' ಅಷ್ಟೆ. ಕೇಳಿಸುತ್ತದೆ, ಅರ್ಥವೂ ಆಗುತ್ತಿರಬಹುದು ಎಂದರು ಡಾಕ್ಟರು. ಎಷ್ಟು ಎಂದು ಅವರೂ ಹೇಳಲಿಲ್ಲ. ಮನಸ್ಸಿಗೆ ಪೆಟ್ಟಾಗುವ ಯಾವ ಮಾತನ್ನೂ ಆಡಬೇಡಿ, ಬಿ.ಪಿ. ಏರಬಾರದು ಎಂದು ಮಾತ್ರ ಎರಡೆರಡು ಸಲ ಹೇಳಿದರು. ಹಾಗಾಗಿ ಮಧ್ಯಾಹ್ನ ಕವಿತೆ ಓದಿ ಹೇಳುತ್ತೇನೆ. ಇವರು ಕಣ್ಣು ಮುಚ್ಚುತ್ತಾರೆ. ಕೇಳುತ್ತಾರೋ ತಪ್ಪಿಸಿಕೊಳ್ಳುತ್ತಾರೋ.

ಇವತ್ತು ಪೇಟೆಂಟ್ ಕಚೇರಿಯ ತಕರಾರು ಬಂತು. ಅಲ್ಯುಮಿನಿಯಂ ಕಿಟಕಿ ಚೌಕಟ್ಟಿಗೆ ಬಣ್ಣ ಬಳಿಯುವ ಮೊದಲು ಅದನ್ನು ಕ್ರೋಮಿಯಂ ಇರುವ ಹಳದಿ ದ್ರಾವಣದಲ್ಲಿ ಅದ್ದುತ್ತಾರೆ. ಇಲ್ಲದಿದ್ದರೆ ಬಣ್ಣ ಹಿಡಿಯದು. ಆ ಹಳದಿ ಮನುಷ್ಯರನ್ನು ತಿನ್ನುತ್ತದೆ. ಅದರ ಬದಲಿಗೆ ಅಳಲೆಕಾಯಿಯ ಕಷಾಯ, ಜೊತೆಗೆ ಒಂದು ಜಿರ್ಕೋನಿಯಂ ಲವಣ. ಇದು ಇವರ ಶೋಧನೆ. ಹೊರದೇಶದವರು ಇಂಥದ್ದನ್ನು ಹಿಂದೆಯೇ ಮಾಡಿದ್ದಾರೆ, ಆದರೆ ಅವರೆಲ್ಲ ಫ್ಲೋರೈಡ್ ಹಾಕುತ್ತಾರೆ. ಅದೂ ವಿಷವೇ. 'ಕ್ರೋಮಿಯಂ ಇಲ್ಲ, ಫ್ಲೋರೈಡೂ ಇಲ್ಲ' ಎನ್ನುವುದೇ ಕಲ್ಲೇಶ ಎಂಬ ಇವರ ಹೆಸರಿನಲ್ಲಿ ಹೋಗಿರುವ ಅರ್ಜಿಯ ಜೀವ. ಕಚೇರಿ ಕೇಳುತ್ತಿದೆ: ಫ್ಲೋರೈಡ್ ಇಲ್ಲದೆ ಬೇರೆ ಯಾರಿಗೂ ಆಗದ್ದು ನಿಮಗೆ ಹೇಗಾಯಿತು? ಹೊಸದಾಗಿ ಮಾಡಿ ತೋರಿಸಿ.

ಪಟಾನ್‌ಚೆರು ಕಡೆಯ ಒಂದು ಕಂಪನಿ ಇದನ್ನು ತೆಗೆದುಕೊಳ್ಳಲು ತಯಾರಿದೆ. ಅವರೂ ಈ ಉತ್ತರಕ್ಕೇ ಕಾದಿದ್ದಾರೆ.

ನಾನೇ ಮಾಡುತ್ತೇನೆ. ಗುಲಬರ್ಗಾದಲ್ಲಿ ಇಬ್ಬರೂ ಒಂದೇ ಬ್ಯಾಚಿನ ಎಂ.ಎಸ್ಸಿ. ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿ ಇಷ್ಟು ವರ್ಷ ಹುಡುಗರಿಗೆ ಕೆಮಿಸ್ಟ್ರಿ ಉಣಿಸಿದ್ದೇನೆ. ಅವರು ಬರೆದಿಟ್ಟ ವಿಧಾನ ಓದಿ ಮಾಡುವುದೇನು ಕಷ್ಟ.

ಮಾರ್ಚ್ ೧೧, ಸೋಮವಾರ

ಬಾಲಾನಗರದಲ್ಲಿರುವ ಇವರ ಪ್ರಯೋಗದ ಶೆಡ್ಡಿಗೆ ಹೋಗಿಬಂದೆ. ಅಷ್ಟು ಹೊತ್ತೂ ಪಕ್ಕದ ಮನೆಯ ನೀಲಾ ಇವರ ಹತ್ತಿರ ಕೂತಿದ್ದಳು. ಅವಳ ಗಂಡನದು ಕಾಚಿಗೂಡ ಸ್ಟೇಷನ್ ರಸ್ತೆಯಲ್ಲಿ ಬಟ್ಟೆ ಅಂಗಡಿ. ಮಧ್ಯಾಹ್ನವೆಲ್ಲ ಅವಳಿಗೆ ಸೀರಿಯಲ್ಲು. "ಇಲ್ಲಿ ಟೀವಿ ಅಣ್ಣಾವ್ರಿಗೂ ಕೇಳಸ್ತೈತಿ, ನನಗೂ ಒಬ್ಬರ ಕೂಡ ನೋಡಿದಂಗಾಗ್ತೈತಿ" ಅಂದಳು. ಬಂದಾಗ ವರದಿ ಒಪ್ಪಿಸಿದಳು: "ಅರ್ಧ ಚಪಾತಿ ಹೆಚ್ಚಿಗಿ ತಿಂದ್ರು ಅಕ್ಕಾ. ಅತ್ತಿ ಸೊಸಿ ಬಡದಾಡೂದ ನೋಡಿ ಹಸಿವಾತೋ ಏನೋ."

ಶೆಡ್ಡಿನಲ್ಲಿ ಸೂಗಪ್ಪ ಇದ್ದ. ಯಾದಗಿರಿ ಕಡೆಯವನು. ಅದ್ದುವ ಮೊದಲು ಅಲ್ಯುಮಿನಿಯಂ ಪ್ಲೇಟುಗಳನ್ನು ಉಜ್ಜಿ ಕೊಡುವುದು ಅವನ ಕೆಲಸ. ಅದ್ದುವ ಕೆಲಸಕ್ಕೆ ಇವರು ಯಾರನ್ನೂ ಬಿಟ್ಟಿರಲಿಲ್ಲ. ಇಲ್ಲಿಗೆ ಬರುವ ಮೊದಲು ಸೂಗಪ್ಪ ಬಹಳ ವರ್ಷ ಕ್ರೋಮಿಯಂ ತೊಟ್ಟಿಯ ಮೇಲೆ ಬಗ್ಗಿ ನಿಂತವನು. ಅದರ ಆವಿಗೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯೇ ತೂತಾಗಿದೆ.

"ಎಲ್ಲಾರಿಗೂ ಮೂಗಿನ್ಯಾಗ ಎರಡು ಖೋಲಿ ಇರ್ತಾವ್ರೀ ಬಾಯಾರ. ನನಗ ಮಾಲಕರು ನಡುವಿನ ಗ್ವಾಡಿ ಒಡದು ಒಂದ ಹಾಲ್ ಮಾಡಿ ಕೊಟ್ಟಾರ" ಎಂದು ನಕ್ಕ. ಅವನಿಗೆ ಮಲ್ಲಿಗೆಯ ವಾಸನೆಯೂ ಇಲ್ಲ, ಚರಂಡಿಯ ವಾಸನೆಯೂ ಇಲ್ಲ.

ಸಾಹೇಬರು ಬರುವ ಹೊತ್ತಿಗೆ ಎಲ್ಲ ಚೊಕ್ಕ ಇರಲಿ ಎಂದು ಸಂಕ್ರಾಂತಿಗೆ ತೊಟ್ಟಿಯ ಹಳೆಯ ನೀರು ಚೆಲ್ಲಿ ತಿಕ್ಕಿ ತೊಳೆದು, ಕುಂಕುಮ ಹಚ್ಚಿಟ್ಟಿದ್ದಾನೆ. ನಾನು ಡಿಸ್ಟಿಲ್ಡ್ ವಾಟರ್ ಕ್ಯಾನುಗಳನ್ನು ತರಿಸಿದೆ. ಅರ್ಜಿಯಲ್ಲಿ ಹಾಗೆ ಬರೆದಿದೆ. ಬರೆದಂತೆ ಮಾಡಬೇಕು, ಅಕ್ಷರ ಬಿಡದಂತೆ.

ಮಾರ್ಚ್ ೧೯, ಮಂಗಳವಾರ

ಆಗಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಇದೆ, ಒಳಗೆ ಸದಾ ಉಪ್ಪುನೀರಿನ ಮಂಜು. ಪ್ಲೇಟುಗಳನ್ನು ಅದರಲ್ಲಿ ತೂಗುಹಾಕಿದರೆ ಸಮುದ್ರದ ಪಕ್ಕದಲ್ಲಿ ವರ್ಷಗಟ್ಟಲೆ ಇಟ್ಟಷ್ಟು ಕೆಲವೇ ದಿನಗಳಲ್ಲಿ ಹಾಳಾಗುತ್ತವೆ. ಇವರು ಹಿಂದೆ ಅದ್ದಿದ ಪ್ಲೇಟು ಅದರಲ್ಲಿ ಈಗಲೂ ತೆಳು ಬಂಗಾರದ ಬಣ್ಣದಲ್ಲಿ ಹೊಳೆಯುತ್ತ ನೇತಾಡುತ್ತಿದೆ. ನಾನು ಅದ್ದಿದವುಗಳ ಮೈತುಂಬ ಬಿಳಿ ಬೊಕ್ಕೆ. ಸಿಡುಬು ಬಂದವರ ಹಾಗೆ.

ಶಾಖ ನೋಡಿದೆ, ಹುಳಿ ನೋಡಿದೆ, ಹೊತ್ತು ನೋಡಿದೆ. ಎಲ್ಲ ಬರೆದಂತೆಯೇ ಇದೆ.

ಮಾರ್ಚ್ ೨೭, ಬುಧವಾರ

ಅಳಲೆಕಾಯಿ ಹಳೆಯದು, ಸತ್ವ ಹೋಗಿದೆ ಎಂಬುದು ಸೂಗಪ್ಪನ ವಾದ. ಬೇಗಂ ಬಜಾರಿಗೆ ಹೋಗಿ ಹೊಸದು ತಂದೆವು. ಒಂದೊಂದನ್ನೂ ಕಚ್ಚಿ ನೋಡಿ ಆರಿಸಿದ. ಬಾಯೆಲ್ಲ ಒಗರಾಗಿ ದಾರಿಯುದ್ದಕ್ಕೂ ಉಗುಳುತ್ತ ಬಂದ.

ಅದೂ ಆಗಲಿಲ್ಲ. ಈಗ ಶೆಡ್ಡಿಗೆ ದೃಷ್ಟಿಯಾಗಿದೆ ಅನ್ನುತ್ತಿದ್ದಾನೆ. ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಕಾರಣವಿಲ್ಲ.

ಇವರು ರಾತ್ರಿ ಊಟಕ್ಕೆ ಕೂತಾಗ ನನ್ನ ಕೈಬೆರಳಿನ ಕಂದು ಕಲೆ ನೋಡಿದರು. "ಎಲ್ಲಾ ಛಲೋ ನಡದೈತ್ರಿ, ನೀವು ಚಿಂತಿ ಮಾಡಬ್ಯಾಡ್ರಿ" ಎಂದೆ. ಈಗೀಗ ಇವರ ಜೊತೆ ಮಾತಾಡುವಾಗ ನನ್ನ ದನಿ ಆಸ್ಪತ್ರೆಯ ನರ್ಸಿನ ದನಿಯಾಗುತ್ತದೆ. ಒಳ್ಳೆಯದೇ. ಮೆತ್ತಗಿರುವುದು ಒಳ್ಳೆಯದು.

ಏಪ್ರಿಲ್ ೯, ಯುಗಾದಿ

ಹಬ್ಬದ ದಿನ ಬರೆಯಬಾರದ್ದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರೆಯದಿದ್ದರೆ ಮುಖದಲ್ಲಿ ಬರೆದುಕೊಂಡಂತೆ ಕಂಡೀತು.

ಇವರು ಮೋಸ ಮಾಡಿರಬಹುದೇ?

ಪೆಟ್ಟಿಗೆಯಲ್ಲಿ ಹೊಳೆಯುತ್ತಿರುವ ಆ ಪ್ಲೇಟಿನ ಬಣ್ಣ ಬಂಗಾರದ್ದು. ಕ್ರೋಮಿಯಂನಲ್ಲಿ ಅದ್ದಿದರೂ ಬಂಗಾರದ ಬಣ್ಣವೇ ಬರುತ್ತದೆ. ಕಂಪನಿಯವರು ಬರುವ ದಿನ ಹತ್ತಿರ ಬಂತು, ಪ್ರಯೋಗ ಕೈಕೊಟ್ಟಿತು, ಹಿಂದಿನ ಗಲ್ಲಿಯ ಕ್ರೋಮಿಯಂ ಶೆಡ್ಡಿನಲ್ಲಿ ಒಂದು ಪ್ಲೇಟು ಅದ್ದಿಸಿಕೊಂಡು ಬಂದಿರಬಹುದು. ಮೋಸಕ್ಕೆ ಅಷ್ಟು ಸಾಕಿತ್ತು. ಯೋಚಿಸಬಾರದು ಎಂದುಕೊಂಡಷ್ಟೂ ಇದು ಚಲನಚಿತ್ರದ ಹಾಗೆ ಕಾಣಿಸುತ್ತದೆ. ಅಂಗಿಯ ತೋಳು ಮಡಚಿ, ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಗಲ್ಲಿ ದಾಟುತ್ತಿರುವ ಇವರು.

ಬೇವುಬೆಲ್ಲ ಬಾಯಿಗಿಟ್ಟೆ. ಬೇವು ಉಗುಳಿ ಬೆಲ್ಲ ನುಂಗಿದರು. ಮೊದಲಿನಿಂದಲೂ ಹಾಗೆಯೇ.

ಏಪ್ರಿಲ್ ೧೬, ಮಂಗಳವಾರ

ಕೋಚಿಂಗ್ ಸೆಂಟರಿನ ಲ್ಯಾಬಿನಿಂದ ಒಂದು ಪುಟ್ಟ ಬಾಟಲಿ ಕೇಳಿ ತಂದೆ. ಅದರ ಎರಡು ಹನಿ ಹಾಕಿದರೆ, ಕ್ರೋಮಿಯಂ ಲವಲೇಶವಿದ್ದರೂ ನೇರಳೆ ಬಣ್ಣ ಬರುತ್ತದೆ. ಏಕೆ ಬೇಕು ಎಂದು ಅಲ್ಲಿಯ ಹುಡುಗಿ ಕೇಳಿದಳು. ನೀರು ಪರೀಕ್ಷೆಗೆ ಎಂದೆ.

ಸೂಗಪ್ಪನನ್ನು ಚಹಾ ತರಲು ಕಳಿಸಿ ಇವರ ಪ್ಲೇಟನ್ನು ಪೆಟ್ಟಿಗೆಯಿಂದ ತೆಗೆದೆ. ಆಮ್ಲದಲ್ಲಿ ತೋಯಿಸಿದ ಹತ್ತಿಯಿಂದ ಮೂಲೆಯನ್ನು ಒರೆಸಿದೆ. ಹತ್ತಿಯನ್ನು ಬಿಳಿ ಬಟ್ಟಲಿನಲ್ಲಿಟ್ಟು ಹನಿ ಬಿಟ್ಟೆ.

ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಇವರ ಅಂಗಿ ಜೇಬು ಕೂಡ ಹುಡುಕಿದವಳಲ್ಲ.

ಬಣ್ಣ ಬರಲಿಲ್ಲ. ಇನ್ನೂ ಎರಡು ಹನಿ ಬಿಟ್ಟೆ. ಬರಲಿಲ್ಲ. ಬಾಟಲಿಯೇ ಕೆಟ್ಟಿರಬಹುದೆಂದು ಹಿಂದಿನ ಶೆಡ್ಡಿನವರು ಮೂಲೆಗೆಸೆದ ಕ್ರೋಮಿಯಂ ಪ್ಲೇಟಿನ ಚೂರು ಹುಡುಕಿ ಅದನ್ನೂ ಒರೆಸಿ ನೋಡಿದೆ. ನೇರಳೆ, ಬದನೆಕಾಯಿ ಸಿಪ್ಪೆಯಂಥ ನೇರಳೆ. ಮತ್ತೆ ಇವರದ್ದು. ಬಿಳಿ.

ಕ್ರೋಮಿಯಂ ಇಲ್ಲ, ಅನುಮಾನ ತೀರಿತು. ಆದರೆ ಸಂತೋಷವಾಯಿತೇ? ಮೋಸವಾಗಿದ್ದರೆ ಕನಿಷ್ಠ ಒಂದು ಕಾರಣವಾದರೂ ಸಿಗುತ್ತಿತ್ತು. ಮನೆಗೆ ಬಂದಾಗ ಇವರು ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡಿದರು. ಬೆನ್ನು ತಿರುಗಿಸಿ ಅನ್ನಕ್ಕಿಟ್ಟೆ. ಕವಿತೆ ಓದಲಿಲ್ಲ.

ಏಪ್ರಿಲ್ ೨೫, ಗುರುವಾರ

ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿದೆ. ನೀರಿನ ಕ್ಯಾನಿನವನು ಬರಲೇ ಇಲ್ಲ. ಫೋನು ಮಾಡಿದರೆ "ರೇಪು ಅಮ್ಮಾ, ರೇಪು" ಎನ್ನುತ್ತಾನೆ. ನಾಳೆ ಎಂದರೆ ಅವನಿಗೆ ಯಾವ ನಾಳೆಯೋ. ಸುಮ್ಮನೆ ಕೂರಲಾಗದೆ ಶೆಡ್ಡಿನ ಬೋರ್‌ವೆಲ್ ಪೈಪು ಬಿಟ್ಟು ತೊಟ್ಟಿ ತುಂಬಿಸಿದೆ. ಕಷಾಯ ಹಾಕಿ ಒಂದು ಪ್ಲೇಟು ಅದ್ದಿದೆ, ಹೊತ್ತು ಹೋಗಲಿ ಎಂದು.

ಅಂಚಿನಲ್ಲಿ ಬಣ್ಣ ಬಂತು. ತೀರಾ ಮಸುಕು, ಒಣಹುಲ್ಲಿನ ಬಣ್ಣ. ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತದೆ.

ಸೂಗಪ್ಪನಿಗೆ ತೋರಿಸಿದೆ. "ದೃಷ್ಟಿ ತೆಗದದ್ದು ನಾಟೇತ್ರಿ" ಎಂದ. ಯುಗಾದಿ ಅಮಾವಾಸ್ಯೆಗೆ ನಿಂಬೆಹಣ್ಣು ಕೊಯ್ದಿದ್ದನಂತೆ. ನಾನು ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ, ಬರುವಾಗ ನಾಂಪಲ್ಲಿಯಲ್ಲಿ ಇಳಿದು ಒಂದು ಲ್ಯಾಬಿಗೆ ಕೊಟ್ಟು ಬಂದೆ.

ಮೇ ೬, ಸೋಮವಾರ

ನೀರಿನ ಫಲಿತಾಂಶ ಬಂತು. ಫ್ಲೋರೈಡ್. ಕುಡಿಯಬಾರದಷ್ಟು ಇದೆ.

ನಾಂಪಲ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತುಬಿಟ್ಟೆ. ಎಲ್ಲ ಒಂದೊಂದಾಗಿ ಸಾಲಿಗೆ ಬಂದು ನಿಂತವು.

ಅಲ್ಯುಮಿನಿಯಂನ ಪೊರೆ ಬಲು ನುಣುಪು. ಅದರ ಮೇಲೆ ಅಳಲೆಕಾಯಿಯ ಒಗರು ತಾನಾಗಿ ಕೂರುವುದಿಲ್ಲ. ಗಾರೆ ಹಿಡಿಯಲೆಂದು ಗೋಡೆಯನ್ನು ಮೊದಲು ಕೆತ್ತಿ ಒರಟು ಮಾಡುತ್ತಾರಲ್ಲ, ಆ ಕೆತ್ತುವ ಕೆಲಸ ಫ್ಲೋರೈಡಿನದು. ಬೋರಿನ ನೀರಿನಲ್ಲಿ ಅದು ಇತ್ತು. ಇವರು ತಿಂಗಳುಗಟ್ಟಲೆ ತೊಟ್ಟಿಯನ್ನು ಬಿಸಿ ಇಟ್ಟು, ಬತ್ತಿದಷ್ಟೂ ಅದೇ ಪೈಪಿನಿಂದ ತುಂಬಿಸುತ್ತ ಬಂದಿದ್ದಾರೆ. ನೀರು ಆವಿಯಾಗಿ ಹೋಯಿತು, ಫ್ಲೋರೈಡ್ ಉಳಿಯಿತು, ಪಾಕದ ಹಾಗೆ ಗಟ್ಟಿಯಾಯಿತು. ಅರ್ಜಿಯಲ್ಲಿ 'ಡಿಸ್ಟಿಲ್ಡ್ ವಾಟರ್' ಎಂದು ಬರೆದದ್ದು ಸುಳ್ಳು ಹೇಳಬೇಕೆಂದಲ್ಲ. ಎಲ್ಲರ ಅರ್ಜಿಯಲ್ಲೂ ಹಾಗೇ ಇರುತ್ತದೆ. ಅಡುಗೆ ಹೇಳಿಕೊಡುವವರು 'ಶುದ್ಧವಾದ ನೀರು' ಅನ್ನುತ್ತಾರೆ, ನಲ್ಲಿ ತಿರುಗಿಸಿ ಹಿಡಿಯುತ್ತಾರೆ. ನೀರನ್ನು ಯಾರೂ ಸಾಮಗ್ರಿ ಎಂದು ಎಣಿಸುವುದಿಲ್ಲ.

ಇವರು ಮೋಸ ಮಾಡಿಲ್ಲ. ಇವರ ಶೋಧನೆಯೇ ಇಲ್ಲ.

'ಫ್ಲೋರೈಡ್ ಇಲ್ಲದೆ' ಎಂಬ ಮಾತಿಗಾಗಿ ಈ ಮನುಷ್ಯ ಎಷ್ಟು ವರ್ಷ ತೇಯ್ದಿದ್ದಾರೆ. ಅದಿಲ್ಲದಿದ್ದರೆ ಉಳಿಯುವುದು ಹೊರದೇಶದವರು ಮಾಡಿ ಮುಗಿಸಿದ ಹಳೆಯ ವಿಧಾನ. ಅವರ ಪೇಟೆಂಟುಗಳ ಅವಧಿಯೂ ಎಂದೋ ತೀರಿದೆ.

ಮೇ ೭

ಹೇಳಲಿಲ್ಲ. ಬಿ.ಪಿ. ಸರಿಯಿದೆ.

ಮೇ ೧೪, ಮಂಗಳವಾರ

ಡಿಸ್ಟಿಲ್ಡ್ ನೀರಿಗೆ ಫ್ಲೋರೈಡ್ ಲವಣ ಒಂದು ಚಿಟಿಕೆ ಹಾಕಿ ಅದ್ದಿದೆ. ಮೊದಲ ಸಲಕ್ಕೇ ಬಂಗಾರ. ಪೆಟ್ಟಿಗೆಯಲ್ಲಿ ಒಂದು ಚುಕ್ಕೆಯೂ ಏಳಲಿಲ್ಲ. ಸೂಗಪ್ಪ ಪ್ಲೇಟನ್ನು ಕನ್ನಡಿಯ ಹಾಗೆ ಹಿಡಿದು ಮೀಸೆ ತಿದ್ದಿಕೊಂಡ.

"ಇನ್ನ ಆ ಹಳದಿ ತೊಟ್ಟಿಗೆ ಹೋಗೂದು ತಪ್ಪಿತಲ್ರೀ ಬಾಯಾರ? ಹಿಂದಿನ ಗಲ್ಲಿ ಮಾಲಕ ದಿನಾ ಕರ್ಯಾಕತ್ತಾನ. ಪಗಾರ ಛಲೋ ಕೊಡ್ತೀನಿ ಅಂತಾನ. ನಾ ಅಂದೆ, ನಿಮ್ಮ ಕಡೆ ಕಳಕೊಳ್ಳಾಕ ನನ್ನ ಮೂಗಿನ್ಯಾಗ ಇನ್ನೇನೂ ಉಳದಿಲ್ಲಪಾ."

"ಏನ್ ಹಾಕಿದ್ರಿ?" ಎಂದೂ ಕೇಳಿದ.

"ಸ್ವಲ್ಪ ಮಸಾಲಿ" ಎಂದೆ.

ನಕ್ಕೆವು. ಬಸ್ಸಿನಲ್ಲಿ ಕೂತ ಮೇಲೆ ನಗು ಬರಲಿಲ್ಲ.

ಮೇ ೨೩, ಗುರುವಾರ

ಕಂಪನಿಯಿಂದ ನಿಶಾಂತ ಬಂದಿದ್ದ. ಮೂವತ್ತರ ಒಳಗಿನ ಎಂಜಿನಿಯರು, ಒಳ್ಳೆಯವನು. "ನಮ್ಮ ಮಮ್ಮಿ ಬೀದರ್ ಅವರು, ಮೇಡಂ. ಕನ್ನಡಾ ಪೂರಾ ಸಮಝ್ತಾ ಹೂಂ, ಮಾತಾಡಾಕ ಥೋಡಾ ನಾಚಿಕಿ" ಎಂದ. ಸೂಗಪ್ಪನ ಮೂಗಿನ ಕಥೆ ಕೇಳಿ ಅವನ ಮುಖ ಸಣ್ಣದಾಯಿತು.

ಅವನ ಮುಂದೆಯೇ ಅದ್ದಿದೆ. ಅವನು ಬರುವ ಮೊದಲೇ ಚಿಟಿಕೆ ತೊಟ್ಟಿಗೆ ಬಿದ್ದಿತ್ತು.

"ಸೂಪರ್, ಮೇಡಂ. ಕ್ರೋಮ್ ಇಲ್ಲ, ಫ್ಲೋರೈಡ್ ಭೀ ಇಲ್ಲ. ನಮ್ಮ ಪ್ಲಾಂಟ್‌ದಾಗ ಸೇಮ್ ರಿಸಲ್ಟ್ ಬರ್ತೈತಿ ಅಲ್ಲಾ?"

"ನಾನೇ ಬಂದು ಮೊದಲ ತೊಟ್ಟಿ ತಯಾರು ಮಾಡಿ ಕೊಡ್ತೀನಿ" ಎಂದೆ. ಅವನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಅವನು ಗಮನಿಸಲಿಲ್ಲ. "ಸರ್ ಕೈಸೇ ಹೈಂ ಅಬ್? ಅವರಿಗೆ ಹೇಳ್ರಿ, ಇಟ್ಸ್ ಬ್ಯೂಟಿಫುಲ್" ಎಂದು ಹೊರಟ.

ಜೂನ್ ೨, ಭಾನುವಾರ

ಇಲ್ಲಿಯ ರಾಜ್ಯ ಹುಟ್ಟಿದ ದಿನ. ರಸ್ತೆಯಲ್ಲಿ ಮೈಕು. ಕೂತು ಪೇಟೆಂಟ್ ಕಚೇರಿಗೆ ಉತ್ತರ ಬರೆದೆ. ಚೆನ್ನಾಗಿ ಬಂದಿದೆ.

ಇದನ್ನು ನೇರವಾಗಿ ಯೋಚಿಸಬೇಕು. ಚಿಟಿಕೆ ಎಂದರೆ ನಿಜಕ್ಕೂ ಚಿಟಿಕೆ. ಆ ಲವಣವನ್ನು ಅಳಲೆಕಾಯಿಯ ಪುಡಿಯಲ್ಲಿ ಬೆರೆಸಿ, ನಮ್ಮದೇ ಮಿಶ್ರಣ ಎಂದು ಚೀಲದಲ್ಲಿ ಕೊಟ್ಟರೆ ಎಲ್ಲಿ ಬೇಕಾದರೂ ಕೆಲಸ ಮಾಡುತ್ತದೆ. ಯಾರಿಗೂ ತೊಂದರೆಯಿಲ್ಲ. ಕ್ರೋಮಿಯಂ ಹೋಗುತ್ತದೆ, ಅದೇ ದೊಡ್ಡದು. ಇನ್ನೆಷ್ಟೋ ಸೂಗಪ್ಪಂದಿರ ಮೂಗು ಉಳಿಯುತ್ತದೆ. ಇವರ ಹೆಸರು ಉಳಿಯುತ್ತದೆ. ಎದ್ದು ಹೇಳಲಾಗದ ಮನುಷ್ಯನಿಗೆ ನಾನು ಮಾಡಬಹುದಾದದ್ದು ಇಷ್ಟೇ ತಾನೇ. ಇದನ್ನು ಸುಳ್ಳು ಎನ್ನುವುದಾದರೆ 'ಎಲ್ಲಾ ಛಲೋ ನಡದೈತಿ' ಎಂದು ದಿನವೂ ಹೇಳುವುದು ಏನು?

ಏಪ್ರಿಲ್ ತಿಂಗಳಲ್ಲಿ ಇವರನ್ನು ಅನುಮಾನಿಸಿ ಬರೆದ ಪುಟವನ್ನು ಹರಿದುಹಾಕಲು ಹೋದೆ. ಹರಿಯಲಿಲ್ಲ. ಏಕೆಂದು ಗೊತ್ತಿಲ್ಲ.

ಜೂನ್ ೮, ಶನಿವಾರ

ಮಳೆ ಬಂತು. ಕಾಚಿಗೂಡದ ಕೆಳಗಿನ ಗಲ್ಲಿಗಳಲ್ಲಿ ನೀರು ನಿಂತಿದೆ.

ಇವರಿಗೆ ಖುಷಿಯಾಗಲಿ ಎಂದು ಹೊಸ ಪ್ಲೇಟನ್ನು ಮನೆಗೆ ತಂದಿದ್ದೆ. "ನೋಡ್ರಿ, ನಿಮ್ಮ ತೊಟ್ಟಿ. ಕಂಪನಿಯವರು ಬ್ಯೂಟಿಫುಲ್ ಅಂದ್ರು" ಎಂದು ಎಡಗೈಗೆ ಕೊಟ್ಟೆ. ಮಗುವಿಗೆ ಗಿಲಕಿ ಕೊಟ್ಟ ಹಾಗೆ.

ಅದನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಎದ್ದರು. ನನ್ನ ಕೈ ದೂಡಿ, ಗೋಡೆ ಹಿಡಿದು ಕಾಲೆಳೆಯುತ್ತ ತಾವೇ ಕಿಟಕಿಯ ತನಕ ಹೋದರು. ಮೋಡದ ಬೆಳಕಿಗೆ ಪ್ಲೇಟನ್ನು ಓರೆ ಹಿಡಿದರು, ಇನ್ನೊಂದು ಕಡೆಗೆ ಓರೆ ಹಿಡಿದರು. ಅಂಚಿನ ಮೇಲೆ ಉಗುರು ಎಳೆದರು. ಮೂಗಿನ ಹತ್ತಿರ ತಂದು ನೋಡಿದರು.

ಆಮೇಲೆ ತಿರುಗಿ ನನ್ನನ್ನು ನೋಡಿದರು.

ಆ ನೋಟ ನನಗೆ ಗೊತ್ತು. ಎಂ.ಎಸ್ಸಿ. ಲ್ಯಾಬಿನಲ್ಲಿ ನನ್ನ ರೀಡಿಂಗೂ ತನ್ನ ರೀಡಿಂಗೂ ಹೊಂದದಿದ್ದಾಗ ಕಲ್ಲೇಶ ಹಾಗೆ ನೋಡುತ್ತಿದ್ದ: ಇದರಾಗ ಏನ್ ಹಾಕೀದಿ? ಬಣ್ಣ ಬೇಗ ಕೂತಿದೆ, ಸ್ವಲ್ಪ ದಪ್ಪ ಕೂತಿದೆ, ಅಂಚಿನಲ್ಲಿ ಕಚ್ಚಿದ ಗುರುತಿದೆ. ನಾನು ಗಮನಿಸದ್ದನ್ನು ಅವನು ಗಮನಿಸಿದ. ಏಳು ತಿಂಗಳಿಂದ ನಾನು ಮಾತ್ರೆ ನುಂಗಿಸುತ್ತಿರುವ ಈ ತಲೆಯೊಳಗೆ ಆ ಕೆಮಿಸ್ಟು ಎದ್ದೇ ಕೂತಿದ್ದಾನೆ.

"ಅದ..." ಎಂದ. ಪ್ಲೇಟನ್ನು ನನ್ನ ಕಡೆ ಚಾಚಿದ. "ಅದ? ಅದ?"

ಚಹಾ ಇಡುವ ನೆಪದಲ್ಲಿ ಒಳಗೆ ಹೋದೆ.

ಜೂನ್ ೧೦, ಸೋಮವಾರ

ನಿಶಾಂತನಿಗೆ ಫೋನು ಮಾಡಿ ಎಲ್ಲ ಹೇಳಿದೆ: ನೀರು, ಚಿಟಿಕೆ, ಅವನ ಎದುರು ಅದ್ದಿದ್ದು. 

"ಮೇಡಂ, ನೀವು ಹೇಳದಿದ್ರ ನಮಗ ಗೊತ್ತ ಆಗ್ತಿರ್ಲಿಲ್ಲ."

"ಹೌದು."

"ಅರ್ಜಿದಾಗ ಈಗ ಸೇರಸಾಕ ಬರಲ್ಲಾ?"

ಬರುವುದಿಲ್ಲ. ಒಮ್ಮೆ ಕೊಟ್ಟ ಅರ್ಜಿಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸುವಂತಿಲ್ಲ. ಹಾಗೂ ಸೇರಿಸಿದರೆ ಉಳಿಯುವುದು ಹಳೆಯದೇ. "ಫಿರ್ ತೋ ಯಾರು ಬೇಕಾದ್ರೂ ಮಾಡಬಹುದು ಮೇಡಂ, ನಿಮ್ಮ ಹತ್ರ ತಗೋಳೂದು ಏನು" ಎಂದ, ಬೇಜಾರಿನಿಂದಲೇ. ಕಂಪನಿಯ ಕಡೆಯಿಂದ ಮುಗಿಯಿತು. ಕಚೇರಿಗೆ ಬರೆದ ಉತ್ತರವನ್ನು ಕಳಿಸುವುದಿಲ್ಲ. ಅರ್ಜಿ ತಾನಾಗಿ ಬಿದ್ದುಹೋಗುತ್ತದೆ.

ಸಂಜೆ ಸೂಗಪ್ಪನಿಗೂ ಹೇಳಿದೆ. ಅವನು ಕುಕ್ಕರುಗಾಲಿನಲ್ಲಿ ಕೂತು ಕೇಳಿದ. "ಹಂಗಂದ್ರ ನಾ ಹಿಂದಿನ ಗಲ್ಲಿಗೆ ಹೋಗೂದರಿ?"

ಯಾರು ಬೇಕಾದರೂ ಮಾಡಬಹುದು ಎಂದರೆ ನಾನೂ ಮಾಡಬಹುದು. ಇದು ಹೊಳೆದದ್ದು ಅವನು ಹಾಗೆ ಕೇಳಿದ ಮೇಲೆ. ಕಿಟಕಿ ಮಾಡುವ ಸಣ್ಣ ಅಂಗಡಿಗಳು ಇದೇ ಗಲ್ಲಿಯಲ್ಲಿ ಬೇಕಾದಷ್ಟಿವೆ. ಡಬ್ಬದ ಮೇಲೆ ಅಳಲೆಕಾಯಿ, ಜಿರ್ಕೋನಿಯಂ, ಫ್ಲೋರೈಡ್ ಎಂದು ದಪ್ಪ ಅಕ್ಷರದಲ್ಲಿ ಬರೆದೇ ಅದ್ದಿ ಕೊಡೋಣ, ಕೈಗವಸು ಹಾಕಿಕೊಂಡು. ಶೋಧನೆಯಲ್ಲ, ಕಸುಬು. "ನಾಳೆ ನನ್ನ ತೊಟ್ಟಿಗೆ ಆವಿ ಏಳದಂಗ ಒಂದು ಮುಚ್ಚಳ ಮಾಡಿಸು" ಎಂದೆ.

ಈಗ ಒಬ್ಬರಿಗೆ ಹೇಳುವುದು ಬಾಕಿ. ಯಾರಿಗೆ ಮೊದಲು ಹೇಳಬೇಕಿತ್ತೋ ಅವರಿಗೆ.

ಜೂನ್ ೧೨, ಬುಧವಾರ

ಬಿ.ಪಿ. ನೋಡಿದೆ. ಸರಿಯಿತ್ತು. ಮಾತ್ರೆ ಕೊಟ್ಟೆ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ನಿನ್ನ ತೊಟ್ಟಿಯಲ್ಲಿ ಫ್ಲೋರೈಡ್ ಇತ್ತು ಎಂದೆ.

ತಲೆಯಾಡಿಸಿದ. ಇಲ್ಲ.

"ಇತ್ತು. ನೀನು ಹಾಕಿಲ್ಲ. ಆದರ ಇತ್ತು."

ಇಲ್ಲ, ಇಲ್ಲ. ಎಡಗೈಯಲ್ಲಿ ಪೆನ್ನು ಕಸಿದುಕೊಂಡು ಪೇಪರಿನ ಅಂಚಿನ ಮೇಲೆ F ಎಂದು ಗೀಚಿ, ಅದರ ಮೇಲೆ ಕಾಟು ಹಾಕಿದ. ಏಳು ತಿಂಗಳಲ್ಲಿ ಅವನು ಬರೆದ ಮೊದಲ ಅಕ್ಷರ. ಅದನ್ನು ನೋಡಿ ಸಂತೋಷಪಡುವಷ್ಟು ವ್ಯವಧಾನವೂ ನನಗಿರಲಿಲ್ಲ. ನಾನು ಪಕ್ಕದಲ್ಲಿ ಮತ್ತೆ F ಬರೆದೆ. ಅವನು ಹೊಡೆದುಹಾಕಿದ. ನಾನು ಬರೆದೆ. ಪೇಪರು ಹರಿಯಿತು.

"ನೀರೋ ಮಾರಾಯಾ. ನಿನ್ನ ಬೋರಿನ ನೀರು. ಟೆಸ್ಟ್ ಮಾಡಿಸೀನಿ ನಾನು."

"ಅದ! ಅದ ಅದ ಅದ!" ಮೇಜು ಗುದ್ದಿದ. ಔಷಧದ ಡಬ್ಬಿ ಉರುಳಿತು.

"ಕಿರಚಬ್ಯಾಡ. ಡಿಸ್ಟಿಲ್ಡ್ ಅಂತ ಬರದು ಪೈಪ್ ಬಿಟ್ಟಾಂವ ಯಾರು, ನಾನೇನು? ಗುಲಬರ್ಗಾದಾಗೂ ನಿಂದು ಇದ ಹಣೆಬರ ಇತ್ತು. ಬ್ಲ್ಯಾಂಕ್ ರೀಡಿಂಗ್ ತಗೊಳ್ಳದ ರಿಸಲ್ಟ್ ಬರೀತಿದ್ದಿ."

ಅವನು ಪ್ಲೇಟನ್ನು ಎತ್ತಿ ಎಸೆದ. ನನಗೆ ತಾಗುವ ಹಾಗೆ ಅಲ್ಲ, ಆದರೆ ನನ್ನ ಕಡೆಗೇ. ಅದು ಗೋಡೆಗೆ ಬಡಿದು ಜಾಗಟೆಯಂತೆ ಸದ್ದು ಮಾಡಿತು. ನಾನು ಅದನ್ನು ಹೆಕ್ಕಿ ತಂದು ಮತ್ತೆ ಅವನ ಮುಂದೆ ಕುಕ್ಕಿದೆ. ಅವನ ಕಣ್ಣಲ್ಲಿ ನೀರಿತ್ತು, ಮುಖ ಕೆಂಪಗಿತ್ತು. ಬಾಯಿ ಶಬ್ದವನ್ನು ಹುಡುಕುತ್ತ ಹುಡುಕುತ್ತ ಕೊನೆಗೆ ಒಂದು ಸಿಕ್ಕಿತು. "ಸು... ಸುಳ್ಳ."

"ಸುಳ್ಳಲ್ಲ. ಬೇಕಾದ್ರ ನಾಳೆ ಶೆಡ್ಡಿಗೆ ಬಾ. ನಿನ್ನ ಕಣ್ಣ ಮುಂದ ಮಾಡಿ ತೋರಸ್ತೀನಿ. ಎರಡೂ ನೀರಿನ್ಯಾಗ."

ಅವನು ನನ್ನನ್ನು ನೋಡಿದ. ಎದೆ ಏರಿಳಿಯುತ್ತಿತ್ತು. ಹರಿದ ಪೇಪರನ್ನು ಎಳೆದುಕೊಂಡು, ಎಡಗೈಯಲ್ಲಿ, ವಕ್ರವಾಗಿ, ಎರಡು ಬೀಕರು ಬರೆದ. ನಂತರ ಅವುಗಳ ಪಕ್ಕದಲ್ಲಿ ಮೂರನೆಯದು, ಅದರೊಳಗೆ ಸೊನ್ನೆ: ಏನೂ ಬೆರೆಸದ್ದು, ಹೋಲಿಸಿ ನೋಡಲು. ಬ್ಲ್ಯಾಂಕ್.

"ಆತು. ಮೂರು ಮಾಡೋಣು" ಎಂದೆ.

ಆಗ ಬಾಗಿಲು ತಟ್ಟಿದರು. ನನ್ನ ಕೂದಲು ಕೆದರಿತ್ತು, ಬಿ.ಪಿ. ಯಂತ್ರ ನೆಲದ ಮೇಲಿತ್ತು. ತೆರೆದರೆ ನೀಲಾ. ಕೈಯಲ್ಲಿ ಟೀವಿಯ ರಿಮೋಟು ಹಾಗೇ ಇತ್ತು. ಹೆದರಿಕೊಂಡು ಓಡಿಬಂದಿದ್ದಾಳೆ ಎಂದುಕೊಂಡು, ಏನೂ ಆಗಿಲ್ಲ ಮಾರಾಯ್ತಿ, ಸುಮ್ಮನೆ ಮಾತಿಗೆ ಮಾತು ಬೆಳೀತು, ಇನ್ನು ಮೆತ್ತಗೆ ಮಾತಾಡುತ್ತೇವೆ ಎಂದೆ.

"ಮೆತ್ತಗ ಯಾಕ್ರಿ ಅಕ್ಕಾ" ಅಂದಳು. "ದೀಪಾವಳಿ ಆದಾಗಿಂದ ಈ ಗ್ವಾಡಿಗೆ ಕಿವಿ ಕೊಟ್ರ ಬರೇ ನಿಮ್ಮ ಒಬ್ಬರ ದನಿ, ಅದೂ ದವಾಖಾನ್ಯಾಗ ಮಾತಾಡಿದಂಗ. ಇವತ್ತ ಇಬ್ಬರದೂ ಬಂತು. ಛಂದಂಗ ಕೇಳಸಲಿ ಅಂತ ಟೀವಿ ಬಂದ್ ಮಾಡೇನಿ, ನೀವು ನಡಸ್ರಿ."